ಕೇಳಿಸಿಕೊಳ್ಳುವ ಸಹಾಯವಾಣಿ ಚರ್ಚಿನಲ್ಲಿ ಹುಟ್ಟಿದ್ದು ಹೇಗೆ?

ಪ್ರಶ್ನೆ: ನಾನು ಹಾಸನದ ಕಡೆಯವಳು, ನಿವೃತ್ತ ಶಾಲಾ ಶಿಕ್ಷಕಿ. ಈಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮನಸ್ಸಿಗೆ ಕಷ್ಟವಾದವರು ಫೋನ್ ಮಾಡುವ ಸಹಾಯವಾಣಿಯೊಂದಕ್ಕೆ ಸ್ವಯಂಸೇವಕಿಯಾಗಿ ಸೇರಿ ತರಬೇತಿ ಪಡೆಯುತ್ತಿದ್ದೇನೆ. ಅಲ್ಲಿ ದಿನವೂ ಒಂದೇ ಮಾತು: "ಸಲಹೆ ಕೊಡಬೇಡಿ, ಕೇಳಿಸಿಕೊಳ್ಳಿ." ಇದೆಲ್ಲ ಲಂಡನ್ನಿನ ಒಂದು ಚರ್ಚಿನಲ್ಲಿ ಶುರುವಾಗಿದ್ದು ಅಂತಲೂ ಹೇಳಿದರು. ಅದನ್ನು ಕೇಳಿ ನಮ್ಮ ಭಾವ, "ನೋಡು, ಮತಾಂತರಕ್ಕೆ ದಾರಿ ಇದು, ಸೇರಬೇಡ" ಅನ್ನುತ್ತಿದ್ದಾರೆ. ನಿಜವಾ? ಈ ವಿಷಯದಲ್ಲಿ ಏನೂ ಓದಿರದ ನನ್ನಂಥವರು ಸುಮ್ನೆ ಕೇಳಿಸಿಕೊಂಡರೆ ಏನು ಪ್ರಯೋಜನ? ಯಾರಾದರೂ "ನನಗೋಸ್ಕರ ದೇವರ ಹತ್ತಿರ ಬೇಡಿಕೊಳ್ಳಿ" ಅಂದರೆ ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಶುರುವಾಗಿದ್ದು ಚರ್ಚಿನಲ್ಲೇ, ಶುರು ಮಾಡಿದವರೂ ಪಾದ್ರಿಯೇ. ಆದರೆ ಆ ಪಾದ್ರಿ ಮೂರೇ ತಿಂಗಳಲ್ಲಿ ಫೋನನ್ನು ಪಾದ್ರಿಗಳ ಕೈಯಿಂದ ತೆಗೆದು ಸಾಮಾನ್ಯ ಜನರ ಕೈಗೆ ಕೊಟ್ಟರು. ನಿಮ್ಮ ಮೊದಲ ಎರಡು ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಸ್ವಯಂಸೇವಕರಿಗೆ ತರಬೇತಿ ಕೊಡುವ ಕೆಲಸದಲ್ಲಿ ನಾನು ತುಂಬಾ ವರ್ಷಗಳಿಂದ ಇದ್ದೇನೆ. ಈ ಕಥೆಯನ್ನು ಎಲ್ಲರೂ ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಅವರ ಹೆಸರು ಚಾಡ್ ವಾರಾ, ಅವರು ಕಟ್ಟಿದ ಸಂಸ್ಥೆ ಸಮಾರಿಟನ್ಸ್. 1911ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಬಾರ್ಟನ್ ಅನ್ನುವ ಊರಿನಲ್ಲಿ ಹುಟ್ಟಿದರು. ತಂದೆಯೂ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಆಕ್ಸ್‌ಫರ್ಡ್‌ನಲ್ಲಿ ಓದಿ 1935ರಲ್ಲಿ ಲಿಂಕನ್ ನಗರದ ಒಂದು ಚರ್ಚಿಗೆ ಕಿರಿಯ ಪಾದ್ರಿಯಾಗಿ ಬಂದರು. ಬಂದ ಹೊಸದರಲ್ಲೇ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಅಂತ್ಯಸಂಸ್ಕಾರ ಮಾಡಿಸಬೇಕಾಯಿತು. ಅವಳು ಆತ್ಮಹತ್ಯೆ ಮಾಡಿಕೊಂಡಿದ್ದಳು. ವಿಚಾರಿಸಿದರೆ, ಅವಳಿಗೆ ಮೊದಲ ಸಲ ಮುಟ್ಟಾಗಿತ್ತು. ಅದು ಏನು ಅಂತ ಹೇಳುವವರು ಯಾರೂ ಇರಲಿಲ್ಲ. ಯಾವುದೋ ಕೆಟ್ಟ ಲೈಂಗಿಕ ರೋಗ ಬಂದಿದೆ ಅಂದುಕೊಂಡಿದ್ದಳಂತೆ.

ಇಷ್ಟು ವರ್ಷ ಶಾಲೆಯಲ್ಲಿ ಹುಡುಗಿಯರ ಜೊತೆ ಕಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಳೋಕೆ ಒಬ್ಬರು ಇದ್ದಿದ್ದರೆ ಸಾಕಿತ್ತು. ನಿಜ ಹೇಳಬೇಕೆಂದರೆ ಯಾವ ಸಾವಿಗೂ ಒಂದೇ ಒಂದು ಕಾರಣ ಇರುವುದು ಕಡಿಮೆ, ನಮ್ಮ ತರಬೇತಿಯಲ್ಲಿ ಅದನ್ನೇ ಒತ್ತಿ ಹೇಳುತ್ತೇವೆ. ಆ ಹುಡುಗಿಯ ಮನಸ್ಸಿನಲ್ಲಿ ಬೇರೆ ಏನೇನಿತ್ತೋ ಯಾರೂ ಹೇಳಲಾರರು. ಆದರೆ ವಾರಾ ಅವರ ತಲೆಯಲ್ಲಿ ಉಳಿದದ್ದು ಇದು: ಹೇಳಿಕೊಳ್ಳೋಕೆ ಅವಳಿಗೆ ಒಬ್ಬರೂ ಇರಲಿಲ್ಲ.

ಅವತ್ತಿನಿಂದ ಅವರು ಚಿಕ್ಕ ವಯಸ್ಸಿನವರಿಗೆ ದೇಹದ ಬಗ್ಗೆ, ಲೈಂಗಿಕತೆಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಿಕೊಡಲು ನಿಂತರು. 1930ರ ದಶಕದಲ್ಲಿ ಒಬ್ಬ ಪಾದ್ರಿ ಇಂಥ ಕೆಲಸ ಮಾಡಿದರೆ ಜನ ಏನನ್ನಬಹುದು ಊಹಿಸಿ! ಬೈಗುಳ ತಿಂದರು, ಬಿಡಲಿಲ್ಲ. ಮುಂದೆ ಮಕ್ಕಳ ಕಾಮಿಕ್ಸ್ ಪತ್ರಿಕೆಗಳಿಗೆ ಕಥೆ ಬರೆದು ಒಂದಿಷ್ಟು ಸಂಪಾದಿಸುತ್ತಿದ್ದರು, ಅದೇ ಅವರ ಹೊರಗಿನ ಕೆಲಸಗಳಿಗೂ ಆಗುತ್ತಿತ್ತು. 1952ರಲ್ಲಿ ಲೈಂಗಿಕ ತಿಳಿವಳಿಕೆಯ ಬಗ್ಗೆ ಒಂದು ಪತ್ರಿಕೆಯಲ್ಲಿ ಬರೆದಾಗ ಓದುಗರಿಂದ ರಾಶಿ ಪತ್ರ ಬಂತು. ಕೆಲವು ಪತ್ರಗಳಲ್ಲಿ ಬದುಕೇ ಸಾಕಾಗಿದೆ ಅಂತಿತ್ತು. ಆ ಹೊತ್ತಿಗೆ ಲಂಡನ್ ಒಂದರಲ್ಲೇ ದಿನಕ್ಕೆ ಮೂರು ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ ಅಂತ ಓದಿದ್ದೂ ಅವರನ್ನು ಕಾಡುತ್ತಿತ್ತು.

ಲಂಡನ್ನಿನಲ್ಲಿ 1937ರಿಂದಲೇ 999 ಅನ್ನುವ ತುರ್ತು ನಂಬರ್ ಇತ್ತು. ಬೆಂಕಿ ಬಿದ್ದರೆ, ಕಳ್ಳ ಬಂದರೆ, ಆಂಬುಲೆನ್ಸ್ ಬೇಕಾದರೆ ಡಯಲ್ ಮಾಡಬಹುದು. ರಾತ್ರಿ ಎರಡು ಗಂಟೆಗೆ ಬದುಕು ಬೇಡ ಅನ್ನಿಸಿದರೆ ಯಾವ ನಂಬರಿಗೆ ಮಾಡೋದು? ವಾರಾ ಅವರ ಪ್ರಶ್ನೆ ಅದು.

ಆದರೆ ಅವರಿದ್ದ ಚರ್ಚಿಗೆ ಭಕ್ತರು ಜಾಸ್ತಿ, ಕೆಲಸವೂ ಜಾಸ್ತಿ. ಮದುವೆ, ನಾಮಕರಣ, ಅಂತ್ಯಸಂಸ್ಕಾರ ಅಂತ ಪುರುಸೊತ್ತಿಲ್ಲ. ಇಂಥ ಕೆಲಸಕ್ಕೆ ಜನ ಕಡಿಮೆ ಇರುವ ಚರ್ಚ್ ಬೇಕು ಅಂದುಕೊಳ್ಳುತ್ತಿದ್ದಾಗಲೇ 1953ರಲ್ಲಿ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಿಂದ ಕರೆ ಬಂತು. ಲಂಡನ್ನಿನ ಬ್ಯಾಂಕು, ವ್ಯಾಪಾರದ ಕಚೇರಿಗಳಿರುವ ಜಾಗ ಅದು. ಹಗಲು ಹೊತ್ತು ಗಿಜಿಗಿಜಿ, ಸಂಜೆ ಆಯಿತೆಂದರೆ ಖಾಲಿ. ಅಲ್ಲೇ ಮನೆ ಮಾಡಿಕೊಂಡು ಇರುವವರು ತೀರಾ ಕಡಿಮೆ. 1666ರ ದೊಡ್ಡ ಬೆಂಕಿಯ ನಂತರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕಟ್ಟಿಸಿದ ಚಂದದ ಕಟ್ಟಡ, ಮಹಾಯುದ್ಧದಲ್ಲಿ ಬಾಂಬು ಬಿದ್ದು ಪೆಟ್ಟು ತಿಂದಿತ್ತು. ಆ ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಲಂಡನ್ನಿನ ಹಳೆಯ ದಿನಸಿ ವರ್ತಕರ ಸಂಘದ್ದು. ವಾರಾ ಆ ಸಂಘದವರ ಮುಂದೆ ತಮ್ಮ ಯೋಜನೆ ಇಟ್ಟರು. ಅವರು ಒಪ್ಪಿದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಚರ್ಚು ಕೊಟ್ಟಿದ್ದಾದರೂ ಏನು? ಒಂದು ಕಟ್ಟಡ, ಅದರ ನೆಲಮಾಳಿಗೆ, ಒಂದು ಫೋನು, ಪಾದ್ರಿಗೊಂದು ಸಂಬಳ, ಎಲ್ಲಕ್ಕಿಂತ ಹೆಚ್ಚಾಗಿ ಅವರ ಸಮಯ. ಬಾಡಿಗೆ ಕಟ್ಟಿ, ಜನರನ್ನು ಇಟ್ಟು, ಚಂದಾ ಎತ್ತಿ ಇಂಥದನ್ನು ಶುರು ಮಾಡೋಕೆ ಹೊರಟಿದ್ದರೆ ಬಹುಶಃ ಯಾವ ಕಾಲಕ್ಕೂ ಆಗುತ್ತಿರಲಿಲ್ಲ. ನಮ್ಮಲ್ಲೂ ಮಠಗಳು ಅನ್ನ ಹಾಕಿ ಓದಿಸಿದ್ದು ಹೀಗೇ ಅಲ್ವಾ? ಜಾಗ ಇತ್ತು, ಅಡುಗೆಮನೆ ಇತ್ತು, ಕೆಲಸಕ್ಕೆ ಅಂತ ಬದುಕು ಕೊಟ್ಟವರು ಇದ್ದರು. ಧರ್ಮಸಂಸ್ಥೆಗಳಿಂದ ಸೇವೆಯ ಕೆಲಸ ಹುಟ್ಟುವುದಕ್ಕೆ ಇದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಫೋನಿನ ಕಥೆಯೂ ಚೆನ್ನಾಗಿದೆ. ಆಗಿನ ಲಂಡನ್ ಫೋನುಗಳ ಡಯಲ್ ಮೇಲೆ ಅಂಕಿಯ ಜೊತೆ ಅಕ್ಷರಗಳೂ ಇರುತ್ತಿದ್ದವು. ಕರೆ ಜೋಡಿಸುವ ಟೆಲಿಫೋನ್ ವಿನಿಮಯ ಕೇಂದ್ರದ ಹೆಸರಿನ ಮೊದಲ ಮೂರು ಅಕ್ಷರ, ಆಮೇಲೆ ನಾಲ್ಕು ಅಂಕಿ. ಚರ್ಚಿನ ಪಕ್ಕದಲ್ಲೇ ಮೇಯರ್ ಅವರ ಮ್ಯಾನ್ಷನ್ ಹೌಸ್, ವಿನಿಮಯ ಕೇಂದ್ರದ ಹೆಸರೂ ಅದೇ. 999ರ ಹಾಗೆ ನೆನಪಿನಲ್ಲಿ ಉಳಿಯಲಿ ಅಂತ ವಾರಾ ಅವರಿಗೆ "ಮ್ಯಾನ್ 9000" ಬೇಕಿತ್ತು. ಟೆಲಿಫೋನ್ ಇಲಾಖೆಗೆ ಕೇಳೋಣ ಅಂತ ಚರ್ಚಿನಲ್ಲಿ ಧೂಳು ಹಿಡಿದು ಕೂತಿದ್ದ ಫೋನ್ ಎತ್ತಿಕೊಂಡು, ಡಯಲ್ ಮೇಲಿನ ಧೂಳು ಒರೆಸಿ ನೋಡಿದರೆ, ಅದರ ನಂಬರೇ ಮ್ಯಾನ್ 9000! ಅವರು ಇದನ್ನು ಕೊನೆಯವರೆಗೂ ಖುಷಿಯಿಂದ ಹೇಳಿಕೊಳ್ಳುತ್ತಿದ್ದರು. ಆ ಕಪ್ಪು ಫೋನನ್ನು ಆಮೇಲೆ ಅದೇ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು.

1953ರ ನವೆಂಬರ್ 2ರಂದು ಮೊದಲ ಕರೆ ಬಂತು. ಆಗ ಇದ್ದದ್ದು ವಾರಾ ಮತ್ತು ಅವರ ಕಾರ್ಯದರ್ಶಿ, ಇಬ್ಬರೇ. ಡಿಸೆಂಬರ್ 7ಕ್ಕೆ ಡೈಲಿ ಮಿರರ್ ಪತ್ರಿಕೆ ಈ ಸುದ್ದಿ ಹಾಕಿ, ಇವರನ್ನು "ಟೆಲಿಫೋನ್ ಗುಡ್ ಸಮಾರಿಟನ್ಸ್" ಅಂತ ಕರೆಯಿತು. ಹೆಸರು ಅಂಟಿಕೊಂಡಿತು. ಸಂಸ್ಥೆಗೆ ಸಮಾರಿಟನ್ಸ್ ಅಂತ ಹೆಸರು ಬಂದದ್ದು ಹೀಗೆ, ಪಾದ್ರಿ ಇಟ್ಟಿದ್ದಲ್ಲ. ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಕಥೆ ನೀವು ಕೇಳಿರಬಹುದು. ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಹಾಕಿ ಹೋಗಿರುತ್ತಾರೆ. ಯಾಜಕ ನೋಡಿಕೊಂಡು ಪಕ್ಕಕ್ಕೆ ಸರಿದು ಹೋಗುತ್ತಾನೆ, ದೇವಾಲಯದ ಸೇವೆ ಮಾಡುವ ಲೇವಿಯನೂ ಹಾಗೇ. ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು ಬಂದು ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ. ಆ ಕಥೆಯಲ್ಲಿ ಸಹಾಯ ಮಾಡಿದವನು ಧರ್ಮಗುರು ಅಲ್ಲ.

ಪತ್ರಿಕೆಯಲ್ಲಿ ಬಂದ ಮೇಲೆ ಫೋನ್ ಮಾಡುವವರ ಜೊತೆಗೆ ನೇರವಾಗಿ ಚರ್ಚಿಗೇ ಬರುವವರೂ ಜಾಸ್ತಿಯಾದರು. ಪಾದ್ರಿಯನ್ನು ಕಾಣಲು ಸಾಲು. ಅದೇ ಹೊತ್ತಿಗೆ "ನಾವೂ ಏನಾದರೂ ಸಹಾಯ ಮಾಡಬಹುದಾ" ಅಂತ ಕೇಳಿಕೊಂಡು ಬಂದವರೂ ಇದ್ದರು. ಮನೋವೈದ್ಯರಲ್ಲ, ಪಾದ್ರಿಗಳಲ್ಲ, ನಿಮ್ಮಂಥವರು. ಅವರಿಗೆ ಏನು ಕೆಲಸ ಕೊಡೋದು? ಹೊರಗಿನ ಕೋಣೆಯಲ್ಲಿ ಕಾಯುತ್ತಿರುವವರಿಗೆ ಟೀ ಮಾಡಿಕೊಡಿ, ಅವರ ಸರದಿ ಬರುವವರೆಗೆ ಜೊತೆಗೆ ಕೂತಿರಿ ಅಂದರು.

ಆ ಕೋಣೆಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಒಬ್ಬರು ಬಂದು ಕೂರುತ್ತಾರೆ. ಕೈಗೆ ಟೀ ಬರುತ್ತದೆ. ಟೀ ಕೊಟ್ಟವರು ಎದ್ದು ಹೋಗದೆ ಪಕ್ಕದಲ್ಲೇ ಕೂರುತ್ತಾರೆ. ಅವರಿಗೆ ಯಾವ ಪರಿಹಾರವೂ ಗೊತ್ತಿಲ್ಲ, ಹಾಗಾಗಿ ಹೇಳೋಕೂ ಹೋಗುವುದಿಲ್ಲ. ಪರಿಹಾರ ಒಳಗಿರುವ ಪಾದ್ರಿಯ ಹತ್ತಿರ ಇದೆ ಅಂತಲೇ ಇಬ್ಬರ ನಂಬಿಕೆ. ಇವರ ಕೆಲಸ ಸರದಿ ಬರುವವರೆಗೆ ಜೊತೆಗಿರುವುದು, ಅಷ್ಟೇ. ಬಂದವರು ಮೆಲ್ಲಗೆ ಮಾತು ಶುರು ಮಾಡುತ್ತಾರೆ, ಇವರು ಕೇಳುತ್ತಾರೆ. ಸರದಿ ಬರುವ ಹೊತ್ತಿಗೆ ಎಷ್ಟೋ ಜನ "ಪರವಾಗಿಲ್ಲ, ಈಗ ಪಾದ್ರಿಯನ್ನು ನೋಡಬೇಕು ಅನ್ನಿಸುತ್ತಿಲ್ಲ" ಅಂತ ಎದ್ದು ಮನೆಗೆ ಹೋಗಿಬಿಡುತ್ತಿದ್ದರು.

ವಾರಾ ಇದನ್ನು ಗಮನಿಸಿದರು. ಅವರ ಮೇಲೆ ನನಗಿರುವ ಗೌರವವೆಲ್ಲ ಇರುವುದು ಇಲ್ಲಿ. ತಾನೇ ತಜ್ಞ, ತಾನೇ ಮಾತಾಡಿ ಬದುಕಿಸುತ್ತೇನೆ ಅಂತ ಹೊರಟವರು ಅವರು. ಹೊರಗಿನ ಕೋಣೆಯಲ್ಲಿ ನಡೆಯುತ್ತಿದ್ದದ್ದು ಒಳಗೆ ತಾನು ಮಾಡುತ್ತಿದ್ದುದಕ್ಕಿಂತ ಹೆಚ್ಚು ಜನರಿಗೆ ಆಗಿಬರುತ್ತಿದೆ ಅಂತ ಕಂಡಾಗ ಅದನ್ನು ಒಪ್ಪಿಕೊಂಡು, 1954ರ ಫೆಬ್ರವರಿ 2ರಂದು ಸ್ವಯಂಸೇವಕರನ್ನು ಕರೆದು, ಇನ್ನು ಮೇಲೆ ಫೋನು ನಿಮ್ಮದು ಅಂದರು. ಮೂರು ತಿಂಗಳು ಅಂದೆನಲ್ಲ, ಅದು ಇದೇ. ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದನ್ನು ತಾವು ನೋಡಿಕೊಂಡರು. ವೈದ್ಯರು ಬೇಕಾದವರನ್ನು ವೈದ್ಯರ ಹತ್ತಿರ ಕಳಿಸುವ ವ್ಯವಸ್ಥೆಯೂ ಇತ್ತು. ಉಳಿದವರಿಗೆ ಜೊತೆಗೆ ಕೂತು ಕೇಳುವವರು.

ಈಗ ಮತಾಂತರದ ಮಾತಿಗೆ ಬರೋಣ. ಭಾವನವರ ಅನುಮಾನವನ್ನು ತಳ್ಳಿಹಾಕಬೇಡಿ. ಸೇವೆ ಮತ್ತು ಮತ ಪ್ರಚಾರ ಎರಡನ್ನೂ ಒಟ್ಟಿಗೆ ಮಾಡಿದ ಸಂಸ್ಥೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ, ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಹಾಗಾಗಿ ಕೇಳುವುದು ಸರಿಯೇ. ಆದರೆ ಸಮಾರಿಟನ್ಸ್ ವಿಷಯದಲ್ಲಿ ನಿಯಮ ಸ್ಪಷ್ಟವಾಗಿ ಬರೆದಿಟ್ಟಿದ್ದು: ಸ್ವಯಂಸೇವಕರು ತಮ್ಮ ಧರ್ಮ, ರಾಜಕೀಯ, ಸಿದ್ಧಾಂತ ಯಾವುದನ್ನೂ ಕರೆ ಮಾಡಿದವರ ಮೇಲೆ ಹೇರುವಂತಿಲ್ಲ. ಕರೆ ಮಾಡಿದವರು ಹೆಸರು ಹೇಳಬೇಕಾಗಿಲ್ಲ. ಆಡಿದ ಮಾತು ಹೊರಗೆ ಹೋಗುವಂತಿಲ್ಲ. ತೀರ್ಮಾನ ಅವರದೇ. ಸ್ವಯಂಸೇವಕರು ಕ್ರೈಸ್ತರೇ ಆಗಿರಬೇಕು ಅಂತಲೂ ಇಲ್ಲ. ಒಬ್ಬ ಪಾದ್ರಿ ತನ್ನ ಚರ್ಚಿನ ನೆಲಮಾಳಿಗೆಯಲ್ಲಿ ಕೂತು, ಇಲ್ಲಿ ಉಪದೇಶ ಮಾಡಬಾರದು ಅಂತ ನಿಯಮ ಮಾಡಿದ್ದು ಸಣ್ಣ ಮಾತಲ್ಲ.

ಅದು ಯಾಕೆ ಸಣ್ಣ ಮಾತಲ್ಲ ಅನ್ನುವುದಕ್ಕೆ ಆ ಕಾಲ ಹೇಗಿತ್ತು ಅಂತ ತಿಳಿಯಬೇಕು. ಇಂಗ್ಲೆಂಡಿನ ಚರ್ಚು 1662ರಿಂದ ಬಳಸುತ್ತಿದ್ದ ಪ್ರಾರ್ಥನಾ ಪುಸ್ತಕದಲ್ಲೇ, ತನ್ನ ಜೀವ ತಾನೇ ತೆಗೆದುಕೊಂಡವರಿಗೆ ಈ ಅಂತ್ಯಸಂಸ್ಕಾರದ ವಿಧಿ ಸಲ್ಲದು ಅಂತ ಬರೆದಿತ್ತು. ಕಾನೂನಿನ ಪ್ರಕಾರವೂ ಅದು ಅಪರಾಧ. ಬದುಕಿ ಉಳಿದವರ ಮೇಲೆ ಕೇಸು, ಕೆಲವರಿಗೆ ಜೈಲು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಕಾನೂನು ಹೋಗಿದ್ದು 1961ರಲ್ಲಿ. ಅಂದರೆ ಮೊದಲ ಎಂಟು ವರ್ಷ ಆ ಫೋನಿಗೆ ಕರೆ ಮಾಡಿದವರು ಧರ್ಮದ ಕಣ್ಣಿಗೆ ಪಾಪಿಗಳು, ಪೊಲೀಸರ ಕಣ್ಣಿಗೆ ಅಪರಾಧಿಗಳು. ಆ ಕಡೆಯಿಂದ ಬೈಗುಳವೂ ಇಲ್ಲದೆ, ಬೋಧನೆಯೂ ಇಲ್ಲದೆ "ಹೇಳಿ, ಕೇಳ್ತಿದ್ದೀನಿ" ಅನ್ನುವ ದನಿ ಬಂದರೆ ಅವರಿಗೆ ಹೇಗಾಗಿರಬೇಡ!

ನಮ್ಮಲ್ಲಿ ಇದು ಬಹಳ ತಡವಾಗಿ ಆಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಸಿಗಬೇಕು ಅಂದಿತು. ಆತ್ಮಹತ್ಯೆಯ ಯತ್ನವನ್ನೇ ಅಪರಾಧ ಅನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ ಹಳೆಯ 309ನೇ ಕಲಮು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಿ. "ಹೇಳಿದರೆ ಪೊಲೀಸ್ ಬರ್ತಾರಾ?" ಅಂತ ಕೇಳುವವರು ಈಗಲೂ ಇದ್ದಾರೆ.

ಲಂಡನ್ನಿನಿಂದ ಇದು ಹೇಗೆ ಹಬ್ಬಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 1959ರಲ್ಲಿ ಎಡಿನ್‌ಬರೋದಲ್ಲಿ ಶಾಖೆ, ಆಮೇಲೆ ಬ್ರಿಟನ್ ಮತ್ತು ಐರ್ಲೆಂಡಿನ ಉದ್ದಗಲಕ್ಕೂ. 1974ರಲ್ಲಿ ಬೇರೆ ದೇಶಗಳಿಗಾಗಿ ಬಿಫ್ರೆಂಡರ್ಸ್ ಇಂಟರ್‌ನ್ಯಾಷನಲ್ ಶುರುವಾಯಿತು. ಚೆನ್ನೈನಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಕಟ್ಟಿದ ಸ್ನೇಹಾ ಸಂಸ್ಥೆ ಇದೇ ದಾರಿಯದು, ಅದಕ್ಕೆ ಯಾವ ಚರ್ಚಿನ ನಂಟೂ ಇಲ್ಲ. ನಮ್ಮ ಬೆಂಗಳೂರಿನಲ್ಲಿ 1960ರ ದಶಕದಲ್ಲೇ ವೈದ್ಯರೂ ಪಾದ್ರಿಗಳೂ ಸೇರಿ ಮೆಡಿಕೋ ಪಾಸ್ಟೊರಲ್ ಅಸೋಸಿಯೇಷನ್ ಅಂತ ಕಟ್ಟಿದ್ದರು. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಆಸ್ಪತ್ರೆಗೂ ಮನೆಗೂ ನಡುವೆ ಇರೋಕೆ ಒಂದು ಜಾಗ ಮಾಡಿಕೊಟ್ಟವರು ಅವರು. 2002ರಲ್ಲಿ ಬಂದ ಸಹಾಯ್ ಸಹಾಯವಾಣಿಯ ಹಿಂದೆಯೂ ಅವರಿದ್ದರು, ಜೊತೆಗೆ ನಿಮ್ಹಾನ್ಸ್ ಮತ್ತು ರೋಟರಿ. ಈಗ ಸರ್ಕಾರದ್ದೇ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕೇಳಿಸಿಕೊಂಡರೆ ಏನು ಪ್ರಯೋಜನ ಅಂತ ಕೇಳಿದಿರಿ. ಇದಕ್ಕೆ ಬಣ್ಣ ಹಚ್ಚದೆ ಉತ್ತರ ಹೇಳಬೇಕು. 1960ರ ದಶಕದಿಂದ ಬ್ರಿಟನ್ನಿನಲ್ಲಿ ಆತ್ಮಹತ್ಯೆಗಳು ಗಣನೀಯವಾಗಿ ಇಳಿದವು. 1968ರಲ್ಲಿ ಬಂದ ಒಂದು ಅಧ್ಯಯನ, ಸಮಾರಿಟನ್ಸ್ ಶಾಖೆ ಇರುವ ಊರುಗಳಲ್ಲಿ ಸಂಖ್ಯೆ ಕಡಿಮೆಯಾಗಿದೆ ಅಂದಿತು. ಎಲ್ಲರಿಗೂ ಖುಷಿ. 1978ರಲ್ಲಿ ಬೇರೆಯವರು ಇನ್ನೂ ಎಚ್ಚರಿಕೆಯಿಂದ ಊರಿಗೆ ಊರು ಹೋಲಿಸಿ ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಇಳಿಕೆಗೆ ದೊಡ್ಡ ಕಾರಣ, ಮನೆಮನೆಗೆ ಬರುತ್ತಿದ್ದ ವಿಷಕಾರಿ ಗ್ಯಾಸ್ ಹೋಗಿ ಸುರಕ್ಷಿತ ಗ್ಯಾಸ್ ಬಂದದ್ದು ಅಂತ ಈಗ ತಿಳಿದವರು ಹೆಚ್ಚುಕಮ್ಮಿ ಒಪ್ಪುತ್ತಾರೆ. ಅಪಾಯದ ವಸ್ತು ಸುಲಭವಾಗಿ ಕೈಗೆ ಸಿಗದಿದ್ದರೆ ಆ ಕ್ಷಣ ದಾಟಿಹೋಗುತ್ತದೆ, ಎಷ್ಟೋ ಜೀವ ಉಳಿಯುತ್ತದೆ. ಕೆಲವು ಕೀಟನಾಶಕಗಳ ಮೇಲೆ ನಿಷೇಧ ಬೇಕು ಅಂತ ನಾವೆಲ್ಲ ಹೇಳುವುದು ಇದಕ್ಕೇ.

ಹಾಗಾದರೆ ಕೇಳುವುದು ದಂಡವಾ? ಅಲ್ಲ. ಇಡೀ ದೇಶದ ಅಂಕಿಯನ್ನು ಒಂದು ಸಹಾಯವಾಣಿ ಇಳಿಸುತ್ತದೆ ಅಂತ ತೋರಿಸುವುದು ಕಷ್ಟ. ಆದರೆ ಕರೆಯ ಶುರುವಿನಲ್ಲಿ ಇದ್ದ ಸಂಕಟ ಕೊನೆಗೆ ತಗ್ಗಿರುವುದನ್ನು ಕರೆಗಳನ್ನೇ ಗಮನಿಸಿ ಮಾಡಿದ ಅಧ್ಯಯನಗಳು ತೋರಿಸಿವೆ. ನೀವು ಮಾಡುವುದು ಆ ಒಂದು ರಾತ್ರಿಯ ಕೆಲಸ. ಒಬ್ಬರಿಗೆ, ಆ ಹೊತ್ತಿಗೆ.

ಕರೆ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಜನ ನೇರವಾಗಿ ವಿಷಯಕ್ಕೆ ಬರುವುದಿಲ್ಲ. "ಸುಮ್ನೆ ಮಾಡಿದೆ", "ನಂಬರ್ ಸರಿ ಇದೆಯಾ ಅಂತ ನೋಡಿದೆ", "ನನ್ನ ಫ್ರೆಂಡ್ ಒಬ್ಬಳಿಗೆ ಸಮಸ್ಯೆ" ಅಂತ ಶುರುವಾಗುತ್ತದೆ. ಆಮೇಲೆ ಮಾತಿಲ್ಲ. ಫ್ಯಾನ್ ತಿರುಗುವುದು ಕೇಳುತ್ತದೆ, ಹೊರಗಡೆ ನಾಯಿ ಬೊಗಳುವುದು ಕೇಳುತ್ತದೆ. ಆಗ ನಿಮ್ಮೊಳಗಿನ ಟೀಚರ್ ಎದ್ದು ಕೂರುತ್ತಾರೆ, ಏನಾದರೂ ಹೇಳಿ ಆ ಖಾಲಿ ತುಂಬಿಸೋಣ ಅನ್ನಿಸುತ್ತದೆ. ತಡೆದುಕೊಳ್ಳಿ. "ನಾನಿಲ್ಲೇ ಇದ್ದೀನಿ, ನಿಧಾನವಾಗಿ ಹೇಳಿ" ಅಂದರೆ ಸಾಕು. ಎಲ್ಲ ಹೇಳಿದ ಮೇಲೂ "ಏನಿಲ್ಲ ಬಿಡಿ ಮೇಡಂ" ಅಂತಾರೆ. ಅಲ್ಲಿ ಬಿಡಬೇಡಿ.

ಇನ್ನೊಂದು ಮುಖ್ಯ ವಿಷಯ. ಸಾಯುವ ಯೋಚನೆ ಇದೆ ಅನ್ನುವ ಅನುಮಾನ ಬಂದರೆ ನೇರವಾಗಿಯೇ ಕೇಳಿ: "ಬದುಕೋದು ಬೇಡ ಅನ್ನಿಸ್ತಿದೆಯಾ? ಸಾಯೋ ಯೋಚನೆ ಬರ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಹೊಸಬರೆಲ್ಲ ಹೆದರುತ್ತಾರೆ. ಹಾಗಾಗುವುದಿಲ್ಲ, ಸಂಶೋಧನೆಗಳೂ ಅದನ್ನೇ ಹೇಳುತ್ತವೆ. ತಲೆಯೊಳಗೇ ಇಟ್ಟುಕೊಂಡು ಒದ್ದಾಡುತ್ತಿದ್ದ ಮಾತನ್ನು ಇನ್ನೊಬ್ಬರು ಹೆದರದೆ ಬಾಯಿಬಿಟ್ಟು ಕೇಳಿದರಲ್ಲ ಅಂತ ಬಹಳ ಜನಕ್ಕೆ ಉಸಿರು ಬಂದ ಹಾಗಾಗುತ್ತದೆ. ಅಪಾಯ ಹತ್ತಿರ ಇದೆ ಅನ್ನಿಸಿದರೆ ನೀವೊಬ್ಬರೇ ಹೊರಬೇಡಿ. ನಿಮ್ಮ ಮೇಲ್ವಿಚಾರಕರನ್ನು ಕೂಡಲೇ ಕರೆಯಿರಿ. ಗೌಪ್ಯತೆಗೆ ಎಲ್ಲಿ ಮಿತಿ ಅನ್ನುವುದನ್ನು ನಿಮ್ಮ ಸಂಸ್ಥೆಯವರ ಹತ್ತಿರ ಮೊದಲೇ ಕೇಳಿ ತಿಳಿದುಕೊಂಡಿರಿ.

ಸಲಹೆ ಯಾಕೆ ಬೇಡ ಅನ್ನುವುದು ಈಗ ಅರ್ಥವಾಗಿರಬೇಕು. "ಮಕ್ಕಳ ಮುಖ ನೋಡಿ ಸಹಿಸಿಕೋ", "ಒಂದು ಸಲ ಧರ್ಮಸ್ಥಳಕ್ಕೆ ಹೋಗಿ ಬಾ", "ನಿನಗಿಂತ ಕಷ್ಟದಲ್ಲಿರುವವರು ಎಷ್ಟು ಜನ ಇದ್ದಾರೆ ನೋಡು" ಅನ್ನುವುದನ್ನೆಲ್ಲ ಅವರು ಮನೆಯಲ್ಲಿ, ಬೀದಿಯಲ್ಲಿ ಸಾಕಷ್ಟು ಕೇಳಿಯೇ ಫೋನ್ ಮಾಡಿರುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅಲ್ಲಿಗೆ ಅವರ ಮಾತು ನಿಂತುಹೋಗುತ್ತದೆ.

ವಾರಾ ಆ ಚರ್ಚಿನಲ್ಲಿ ಐವತ್ತು ವರ್ಷ ಪಾದ್ರಿಯಾಗಿದ್ದು 2003ರಲ್ಲಿ ನಿವೃತ್ತರಾದರು, 2007ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಕೊನೆಗೆ ತಾನು ಕಟ್ಟಿದ ಸಂಸ್ಥೆಯ ಮೇಲೇ ಅವರಿಗೆ ಬೇಸರ ಇತ್ತು. ಸಾಯುವ ಯೋಚನೆಯಲ್ಲಿರುವವರಿಗೆ ಅಂತ ಶುರು ಮಾಡಿದ್ದು, ಈಗ ಎಲ್ಲ ಬಗೆಯ ಕಷ್ಟಕ್ಕೂ ಅಂತ ಹರಡಿಕೊಂಡಿದೆ ಅನ್ನುತ್ತಿದ್ದರು. ಈ ಒಂದು ವಿಷಯದಲ್ಲಿ ನಾನು ಅವರ ಜೊತೆಗಿಲ್ಲ. ಅಷ್ಟು ದೂರ ಹೋಗುವ ಮೊದಲೇ ಒಬ್ಬರು ಫೋನ್ ಮಾಡಿದರೆ ಒಳ್ಳೆಯದೇ. ಲಿಂಕನ್ನಿನ ಆ ಹುಡುಗಿಗೆ ಬೇಕಿದ್ದದ್ದೂ ಅದೇ ಅಲ್ವಾ?

ಇನ್ನು ದೇವರ ಪ್ರಶ್ನೆ. "ನನಗೋಸ್ಕರ ಬೇಡಿಕೊಳ್ಳಿ" ಅಂದರೆ ತಪ್ಪಿಸಿಕೊಳ್ಳಬೇಡಿ, ಬೋಧನೆಗೂ ಇಳಿಯಬೇಡಿ. ಆ ಮಾತಿನ ಹಿಂದೆ ಇರುವುದನ್ನು ಕೇಳಿ: "ದೇವರ ಹತ್ತಿರ ಏನು ಕೇಳಿಕೊಳ್ಳಬೇಕು ಅನ್ನಿಸ್ತಿದೆ ನಿಮಗೆ?" ಅಲ್ಲಿಂದ ಅವರೇ ಹೇಳುತ್ತಾ ಹೋಗುತ್ತಾರೆ. ಕರೆ ಮಾಡಿದವರು ಮಂಜುನಾಥ ಅನ್ನಲಿ, ಯೇಸು ಅನ್ನಲಿ, ಅಲ್ಲಾ ಅನ್ನಲಿ, ದೇವರೇ ಇಲ್ಲ ಅನ್ನಲಿ, ನೀವು ಅವರ ಮಾತಿನಲ್ಲೇ ಇರಿ. ನಿಮ್ಮ ಮನೆದೇವರಿಗೆ ದೀಪ ಹಚ್ಚುವಾಗ ಅವರನ್ನು ನೆನೆಸಿಕೊಂಡರೆ ಅದು ನಿಮ್ಮ ಸ್ವಂತ ವಿಷಯ, ಅದನ್ನು ಫೋನಿನಲ್ಲಿ ಹೇಳಬೇಕಾಗಿಲ್ಲ. ಇನ್ನು ನಿಮ್ಮ ಭಾವನವರಿಗೆ ನಿಮ್ಮ ಸಂಸ್ಥೆಯ ನಿಯಮದ ಹಾಳೆಯನ್ನೇ ಓದಲು ಕೊಡಿ. ಅದರಲ್ಲಿ ಧರ್ಮ ಹೇರಬಾರದು ಅನ್ನುವ ಸಾಲು ಇಲ್ಲದಿದ್ದರೆ, ಯಾಕಿಲ್ಲ ಅಂತ ನೀವೇ ಮುಂದಿನ ತರಗತಿಯಲ್ಲಿ ಎದ್ದು ಕೇಳಿ.